ಕಣ ಮತ್ತು ಮೇಟಿ: ಒಂದು ವೃತ್ತದ ಇತಿಹಾಸ

ಬೆಂಗಳೂರು–ಹೊನ್ನಾವರ ಹೆದ್ದಾರಿಯನ್ನು ಚಿಕ್ಕನಾಯಕನಹಳ್ಳಿ–ತುರುವೇಕೆರೆ ರಸ್ತೆ ಸಂಧಿಸುವಲ್ಲಿರುವ ಕಿಬ್ಬನಹಳ್ಳಿಯ ಸೀಮೆ ತೆಂಗಿಗೆ ಹೆಸರಾದುದು. ಉಂಡೆ ಕೊಬ್ಬರಿಯಾಗಬೇಕಾದ ಕಾಯಿ ಇಲ್ಲಿ ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗುತ್ತದೆ. ಅದಕ್ಕೆ ಒಕ್ಕಣೆ ಬೇಡ. ಆದರೆ ಇದೇ ಸೀಮೆಯ ಹೊಲಗಳಲ್ಲಿ ಬೆಳೆಯುವ ರಾಗಿಗೆ ಬೇಕಾದುದು ಕಣ. ದುಂಡಾದ ಕೃಷಿಕಟ್ಟಡಗಳ ಚರಿತ್ರೆಯನ್ನು ಕನ್ನಡ ನೆಲದಲ್ಲಿ ಅರಸುವವರು ನೋಡಬೇಕಾದುದು ಗೋಡೆಯನ್ನಲ್ಲ, ಸಗಣಿ ಸಾರಿಸಿದ ಈ ನೆಲವನ್ನು.

ಕಣದ ನಡುವೆ ನೆಟ್ಟ ಕಂಬವೇ ಮೇಟಿ. ಅದಕ್ಕೆ ಸಾಲಾಗಿ ಕಟ್ಟಿದ ಎತ್ತುಗಳು ಹರಡಿದ ತೆನೆಯನ್ನು ತುಳಿಯುತ್ತ ಸುತ್ತುತ್ತವೆ. ಒಳಬದಿಯ ಎತ್ತಿನ ನಡಿಗೆ ಕಡಿಮೆ, ಹೊರಬದಿಯದರ ನಡಿಗೆ ಹೆಚ್ಚು. ಕಣದ ದುಂಡು ಆಕಾರವನ್ನು ನಿರ್ಧರಿಸಿದುದು ಅಲಂಕಾರದ ಆಸೆಯಲ್ಲ, ಹಗ್ಗದ ಅಳತೆ.

ಇದೇ ಕಾರಣ ದೂರದ ಅಮೆರಿಕದಲ್ಲಿ ಕಟ್ಟಡದ ರೂಪ ತಾಳಿತು. ಜಾರ್ಜ್ ವಾಷಿಂಗ್ಟನ್ 1792ರಲ್ಲಿ ವರ್ಜೀನಿಯಾದ ತನ್ನ ಜಮೀನಿಗಾಗಿ 16 ಮೂಲೆಗಳ ಒಕ್ಕಣೆಯ ಮನೆಯೊಂದನ್ನು ಯೋಜಿಸಿದನು. ಅದರೊಳಗೆ ಕುದುರೆಗಳು ಸುತ್ತುತ್ತ ಗೋಧಿಯನ್ನು ತುಳಿದರೆ, ಹಲಗೆಗಳ ಸಂದಿನಿಂದ ಕಾಳು ಕೆಳಗಿನ ಅಂತಸ್ತಿಗೆ ಉದುರುತ್ತಿತ್ತು. ಬಯಲಿನ ಮಳೆ, ಮಣ್ಣುಗಳಿಂದ ಕಾಳನ್ನು ಕಾಪಾಡುವುದು ಅದರ ಉದ್ದೇಶ. ಕನ್ನಡ ನಾಡಿನ ಬಯಲುಸೀಮೆಯಲ್ಲಿ ರಾಗಿ ಕೊಯ್ಲಾದ ಮೇಲೆ ಒಣ ತಿಂಗಳುಗಳು ಬರುತ್ತವೆ. ಮೆದೆ ಒಟ್ಟಿದ ತೆನೆ ಬಿಸಿಲಿಗೆ ಕಾದು, ಬಳಿಕ ಕಣಕ್ಕಿಳಿಯುತ್ತದೆ. ಹೀಗಾಗಿ ಇಲ್ಲಿಯ ವೃತ್ತಕ್ಕೆ ಚಾವಣಿಯ ಅಗತ್ಯ ಬೀಳಲಿಲ್ಲ.

ಕಟ್ಟಡವಾಗದ ಈ ವೃತ್ತ ಭಾಷೆಯಲ್ಲಿ ನೆಲೆನಿಂತಿತು. ಹಳಗನ್ನಡದ 'ಕಳ' ಶಬ್ದಕ್ಕೆ ಒಕ್ಕಣೆಯ ನೆಲ, ಯುದ್ಧಭೂಮಿ ಎಂಬ ಎರಡೂ ಅರ್ಥಗಳಿವೆ. ತಮಿಳಿನ 'ಕಳಂ' ಕೂಡ ಹಾಗೆಯೇ. ಇಂದಿನ 'ಚುನಾವಣಾ ಕಣ' ಆ ಪರಂಪರೆಯದೇ. ಬೇಸಾಯಕ್ಕೆ 'ಮೇಟಿವಿದ್ಯೆ' ಎಂಬ ಹೆಸರು ಸಂದಿತು.

ಜೈನ ಸಾಹಿತ್ಯದಲ್ಲಿಯೂ ಇದರ ಗುರುತಿದೆ. ಶ್ವೇತಾಂಬರ ಆಗಮಗಳಲ್ಲಿ ಏಳನೆಯ ಅಂಗವಾದ 'ಉವಾಸಗದಸಾಓ' ಗ್ರಂಥದ ಮೊದಲ ಶ್ರಾವಕ ಆನಂದ. 500 ನೇಗಿಲುಗಳ ಭೂಮಿಗೆ ತನ್ನ ಪರಿಗ್ರಹವನ್ನು ಮಿತಿಗೊಳಿಸಿಕೊಂಡ ಈ ಗೃಹಸ್ಥನನ್ನು ಗ್ರಂಥವು ತನ್ನ ಕುಟುಂಬಕ್ಕೆ 'ಮೇಢಿ' ಎಂದು ಕರೆಯುತ್ತದೆ. ಸಂಸ್ಕೃತದ 'ಮೇಥಿ', ಪ್ರಾಕೃತದ 'ಮೇಢಿ', ಕನ್ನಡದ 'ಮೇಟಿ' ಮೂರೂ ಸೂಚಿಸುವುದು ಕಣದ ನಡುಗಂಬವನ್ನೇ. ಇದನ್ನು ಬರಿದೆ 'ಆಧಾರಸ್ತಂಭ' ಎಂದು ಅನುವಾದಿಸಿದರೆ ರೂಪಕದ ಅರ್ಧ ಅರ್ಥ ಲೋಪವಾಗುತ್ತದೆ. ಆಧಾರಸ್ತಂಭ ಭಾರವನ್ನು ಹೊರುತ್ತದೆ. ಮೇಟಿ ಏನನ್ನೂ ಹೊರುವುದಿಲ್ಲ. ತನ್ನ ಸುತ್ತಣ ಚಲನೆಯನ್ನು ಚದುರದಂತೆ ಹಿಡಿದಿಡುವುದೇ ಅದರ ಕೆಲಸ. ಪರಿಗ್ರಹಕ್ಕೆ ಮೇರೆ ಹಾಕಿಕೊಂಡ ಶ್ರಾವಕನಿಗೆ ಈ ಹೋಲಿಕೆ ಎಷ್ಟು ಉಚಿತವೆಂಬುದು ಕಣವನ್ನು ಬಲ್ಲವರಿಗೆ ಮಾತ್ರ ತಿಳಿಯುತ್ತದೆ.

ಇಂದು ರಾಗಿಯ ತೆನೆ ಒಕ್ಕಣೆ ಯಂತ್ರಕ್ಕೋ ಡಾಂಬರು ರಸ್ತೆಯ ಮೇಲೆ ವಾಹನಗಳ ಚಕ್ರಕ್ಕೋ ಸಲ್ಲುತ್ತಿದೆ. ಕಲ್ಲಿನ ಕಟ್ಟಡ ಪಾಳುಬಿದ್ದರೂ ತಳಪಾಯ ಉಳಿಯುತ್ತದೆ. ಕಣವಾದರೋ ಒಂದೇ ಮಳೆಗಾಲದಲ್ಲಿ ಹೊಲದ ಮಣ್ಣಿಗೆ ಬೆರೆಯುತ್ತದೆ. ಅದರ ವಿಸ್ತಾರ, ಮೇಟಿಯ ಮರ, ಅಂಗಾಂಗಗಳ ಹೆಸರುಗಳನ್ನು ಹಿರಿಯ ರೈತರಿಂದ ಬರೆದುಕೊಳ್ಳುವುದು ಜಾನಪದ ಅಧ್ಯಯನಕ್ಕಷ್ಟೇ ಸೇರಿದ ಕೆಲಸವಲ್ಲ. ಪ್ರಾಚೀನ ಪಠ್ಯಗಳ ಅರ್ಥನಿರ್ಣಯಕ್ಕೂ ಅದು ಅವಶ್ಯಕ.