ಮುಳ್ಳುಗಿಡದ ಬೀಜಕ್ಕೆ ಸಿಕ್ಕ ಕೆಲಸಗಳು

ಜರ್ಮನಿಯ ಪಶ್ಚಿಮ ಅಂಚಿನಲ್ಲಿ, ನೆದರ್‌ಲೆಂಡ್ಸ್ ಗಡಿಗೆ ತಾಗಿದಂತೆ ಗೋಖ್ ಎಂಬ ಸಣ್ಣ ಪಟ್ಟಣವಿದೆ. ಯೋಹಾನ್ ಗಾಟ್‌ಫ್ರೀಡ್ ರಾಡೆಮಾಖರ್ (1772–1850) ಎಂಬ ವೈದ್ಯ ಬದುಕಿನ ಬಹುಭಾಗ ಅಲ್ಲಿಯೇ ರೋಗಿಗಳನ್ನು ನೋಡಿಕೊಂಡಿದ್ದ. ಅವನ ಪದ್ಧತಿ ವಿಚಿತ್ರ. ಮೊದಲು ರೋಗಕ್ಕೆ ಹೆಸರಿಟ್ಟು ಆಮೇಲೆ ಮದ್ದು ಹುಡುಕುವ ಗೊಡವೆಗೆ ಅವನು ಹೋಗಲಿಲ್ಲ. ಯಾವ ಮದ್ದು ನಾಟಿತೋ ಅದರಿಂದಲೇ ಕಾಯಿಲೆಯನ್ನು ಗುರುತಿಸುತ್ತಿದ್ದ. ಯಕೃತ್ತು ಮತ್ತು ಗುಲ್ಮದ ತೊಂದರೆಗಳಿಗೆ ಅವನು ನೆಚ್ಚಿಕೊಂಡಿದ್ದು ಒಂದು ಮುಳ್ಳುಗಿಡದ ಬೀಜವನ್ನು ಮದ್ಯಸಾರದಲ್ಲಿ ನೆನೆಸಿ ತೆಗೆದ ಅರ್ಕ. ಮುಂದೆ ಅದು ಅವನ ಹೆಸರಿನಿಂದಲೇ ಪ್ರಸಿದ್ಧವಾಯಿತು.

ಆ ಗಿಡ ಮಿಲ್ಕ್ ತಿಸಲ್. ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದ ಇದರ ತವರು ಮೆಡಿಟರೇನಿಯನ್ ತೀರ. ಹಸಿರೆಲೆಯ ತುಂಬ ಬಿಳಿ ನರಗಳು, ಅಂಚಿನಲ್ಲಿ ಮುಳ್ಳು, ತುದಿಯಲ್ಲಿ ನೇರಳೆ ಹೂ. ನಮ್ಮ ಹೊಲದ ಬದುಗಳಲ್ಲಿ ಬೆಳೆಯುವ ಹಳದಿ ಹೂವಿನ ದತ್ತೂರಿಯ ಎಲೆಯನ್ನು ನೋಡಿದವರಿಗೆ ಇದರ ಚಹರೆ ಥಟ್ಟನೆ ಹೊಳೆಯುತ್ತದೆ. ಹೋಲಿಕೆ ಕಣ್ಣಿಗಷ್ಟೇ. ದತ್ತೂರಿ ಬೇರೆ ಕುಟುಂಬದ ಗಿಡ, ಅದರ ಬೀಜದ ಎಣ್ಣೆ ವಿಷ. ಮೇರಿಮಾತೆಯ ಎದೆಹಾಲು ತೊಟ್ಟಿಕ್ಕಿ ಮಿಲ್ಕ್ ತಿಸಲ್‌ನ ಎಲೆಯಲ್ಲಿ ಬಿಳಿ ಗೆರೆ ಮೂಡಿತು ಎಂದು ಯುರೋಪಿನ ಜನ ಕಥೆ ಕಟ್ಟಿದರು. ಬಾಣಂತಿಯರಿಗೆ ಹಾಲು ಹೆಚ್ಚಲೆಂದು ಅದನ್ನು ಕೊಟ್ಟರು. ಮುಳ್ಳು ಸವರಿ ಎಳೆ ಎಲೆಯನ್ನು ಸೊಪ್ಪಿನಂತೆ ತಿಂದದ್ದೂ ಉಂಟು.

ಮದ್ದಾಗಿ ಅದರ ಕೆಲಸ ಕಾಲಕಾಲಕ್ಕೆ ಬದಲಾಗುತ್ತ ಬಂತು. ಮೊದಲನೇ ಶತಮಾನದ ಗ್ರೀಕ್ ವೈದ್ಯ ಡಯಾಸ್ಕೊರಿಡೀಸ್ ಅದರ ಬೀಜವನ್ನು ಹಾವಿನ ಕಡಿತಕ್ಕೆ ಹೇಳಿದ. ಅದೇ ಶತಮಾನದ ರೋಮನ್ ಲೇಖಕ ಪ್ಲಿನಿ, ಜೇನಿನಲ್ಲಿ ಬೆರೆಸಿದ ಅದರ ರಸ ಪಿತ್ತವನ್ನು ಹೊರಹಾಕುತ್ತದೆ ಎಂದು ಬರೆದ. 17ನೇ ಶತಮಾನದ ಲಂಡನ್ನಿನಲ್ಲಿ ನಿಕೊಲಸ್ ಕಲ್ಪೆಪರ್ ಅದನ್ನು ಕಾಮಾಲೆಗೂ ಯಕೃತ್ತಿನ ಅಡಚಣೆಗೂ ಶಿಫಾರಸು ಮಾಡಿದ. ರಾಡೆಮಾಖರನ ಹೊತ್ತಿಗೆ ಗಿಡದ ನಂಟು ಯಕೃತ್ತಿನೊಂದಿಗೆ ಗಟ್ಟಿಯಾಗಿತ್ತು, ಏಕೆ ಎಂಬುದಷ್ಟೇ ಯಾರಿಗೂ ತಿಳಿದಿರಲಿಲ್ಲ.

ಉತ್ತರ ಸಿಗತೊಡಗಿದ್ದು 1968ರಲ್ಲಿ. ಮ್ಯೂನಿಕ್‌ನಲ್ಲಿ ಹಿಲ್ಡೆಬರ್ಟ್ ವ್ಯಾಗ್ನರ್ ಮತ್ತು ಸಂಗಡಿಗರು ಬೀಜದಿಂದ ಸಿಲಿಮರಿನ್ ಅನ್ನು ಬೇರ್ಪಡಿಸಿದರು. ಒಂದೇ ವಸ್ತುವೆಂದು ಮೊದಲು ತೋರಿದ ಅದು ಹಲವು ಸಂಯುಕ್ತಗಳ ಮಿಶ್ರಣವೆಂದು ಆಮೇಲೆ ತಿಳಿಯಿತು. ಅವುಗಳಲ್ಲಿ ಮುಖ್ಯವಾದದ್ದು ಸಿಲಿಬಿನಿನ್. ಇದು ನೀರಿನಲ್ಲಿ ಕರಗುವುದು ತೀರಾ ಕಡಿಮೆ, ಮದ್ಯಸಾರದಲ್ಲಿ ಕರಗುತ್ತದೆ. ಬೀಜ ಕುದಿಸಿ ಮಾಡಿದ ಕಷಾಯದಲ್ಲಿ ಮದ್ದಿನ ಅಂಶ ಅಷ್ಟಾಗಿ ಇಳಿಯದು. ಗೋಖ್‌ನ ವೈದ್ಯ ಅರ್ಕವನ್ನೇ ನೆಚ್ಚಿದ್ದು ಕುರುಡು ಆಯ್ಕೆಯೇನೂ ಆಗಿರಲಿಲ್ಲ. ಮಡಾಸ್ ಎಂಬ ಜರ್ಮನ್ ಕಂಪನಿ ಸಿಲಿಮರಿನ್ ಅನ್ನು ಲೆಗಲಾನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು.

ಬೀಜಕ್ಕೆ ಅತ್ಯಂತ ಸ್ಪಷ್ಟವಾದ ಕೆಲಸ ಕೊಟ್ಟದ್ದು ಒಂದು ಅಣಬೆ. ಯುರೋಪಿನ ಕಾಡುಗಳಲ್ಲಿ ಬೆಳೆಯುವ ಡೆತ್ ಕ್ಯಾಪ್ ಅಣಬೆಯನ್ನು ತಿಂದವರಿಗೆ ಕೆಲವು ಗಂಟೆ ಏನೂ ಆಗುವುದಿಲ್ಲ. ಆಮೇಲೆ ವಾಂತಿ, ಭೇದಿ. ನಂತರ ಚೇತರಿಸಿಕೊಂಡಂತೆ ಕಾಣುತ್ತದೆ, ಅಷ್ಟರಲ್ಲಿ ಯಕೃತ್ತು ಸಾಯತೊಡಗಿರುತ್ತದೆ. ಅದರ ವಿಷವಾದ ಅಮಾನಿಟಿನ್ ಜೀವಕೋಶ ಪ್ರೋಟೀನ್ ತಯಾರಿಸುವ ಕೆಲಸವನ್ನೇ ನಿಲ್ಲಿಸುತ್ತದೆ. ಪಿತ್ತದೊಂದಿಗೆ ಕರುಳಿಗೆ ಇಳಿದು, ಅಲ್ಲಿಂದ ಹೀರಲ್ಪಟ್ಟು, ಮತ್ತೆ ಯಕೃತ್ತಿಗೇ ಮರಳುತ್ತದೆ. ಈ ವಿಷ ಯಕೃತ್ತಿನ ಕೋಶದೊಳಕ್ಕೆ ನುಗ್ಗುವ ದಾರಿಯನ್ನು ಸಿಲಿಬಿನಿನ್ ತಡೆಯುತ್ತದೆ. ಹಾಗಾಗಿ ನೀರಿನಲ್ಲಿ ಕರಗುವಂತೆ ಮಾರ್ಪಡಿಸಿದ ಸಿಲಿಬಿನಿನ್ ಅನ್ನು ಯುರೋಪಿನ ಆಸ್ಪತ್ರೆಗಳು ರಕ್ತನಾಳಕ್ಕೆ ಕೊಡತೊಡಗಿದವು. 2007ರ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್‌ನಲ್ಲಿ ಒಂದೇ ಕುಟುಂಬದವರು ಈ ಅಣಬೆ ತಿಂದು ಆಸ್ಪತ್ರೆ ಸೇರಿದಾಗ, ವೈದ್ಯ ಟಾಡ್ ಮಿಚೆಲ್ ತುರ್ತು ಅನುಮತಿ ಪಡೆದು ಜರ್ಮನಿಯಿಂದ ಔಷಧ ತರಿಸಿದರು. ಅಮೆರಿಕದಲ್ಲಿ ಅದಕ್ಕೆ ಆಗ ಮನ್ನಣೆಯೇ ಇರಲಿಲ್ಲ.

ವಿಷದ ವಿಷಯದಲ್ಲಿ ಶತ್ರು ಒಂದೇ, ಬಾಗಿಲೂ ಗೊತ್ತಿತ್ತು. ದೀರ್ಘಕಾಲದ ಕಾಯಿಲೆಗಳಲ್ಲಿ ಲೆಕ್ಕ ಅಷ್ಟು ಸಲೀಸಾಗಲಿಲ್ಲ. 1989ರಲ್ಲಿ ಪ್ರಕಟವಾದ ವಿಯೆನ್ನಾದ ಅಧ್ಯಯನದಲ್ಲಿ ಸಿರೋಸಿಸ್, ಅಂದರೆ ಗಾಯದ ನಾರು ತುಂಬಿ ಯಕೃತ್ತು ಗಟ್ಟಿಯಾಗುವ ಕಾಯಿಲೆ, ಇದ್ದ 170 ಜನರಿದ್ದರು. ನಾಲ್ಕು ವರ್ಷದ ಬಳಿಕ ಸಿಲಿಮರಿನ್ ಪಡೆದವರಲ್ಲಿ ಬದುಕುಳಿದವರ ಪ್ರಮಾಣ ಶೇ 58, ಉಳಿದವರಲ್ಲಿ ಶೇ 39. ಒಂಬತ್ತು ವರ್ಷ ಕಳೆದು, 1998ರಲ್ಲಿ, ಮದ್ಯದಿಂದ ಸಿರೋಸಿಸ್ ಬಂದ 200 ಜನರ ಮೇಲೆ ಸ್ಪೇನಿನಲ್ಲಿ ನಡೆದ ಅಧ್ಯಯನ ಹೊರಬಂತು. ಅಲ್ಲಿ ಬದುಕುಳಿಯುವಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ.

ಇಂಥ ಏರಿಳಿತ ನಮ್ಮ ನೆಲನೆಲ್ಲಿಗೂ ಹೊಸದಲ್ಲ. ಕಾಮಾಲೆ ಎಂದರೆ ನೆಲನೆಲ್ಲಿ ಎನ್ನುವಷ್ಟು ಅದು ಕರ್ನಾಟಕದ ಹಳ್ಳಿಮದ್ದಿನಲ್ಲಿ ಬೇರೂರಿದೆ. ಮದ್ರಾಸಿನ ಸಂಶೋಧಕರು ಹೆಪಟೈಟಿಸ್ ಬಿ ವೈರಸ್ ಹೊತ್ತಿದ್ದ 37 ಜನರಿಗೆ ಅದನ್ನು ಕೊಟ್ಟು, 22 ಜನರ ರಕ್ತದಲ್ಲಿ ವೈರಸ್‌ನ ಗುರುತು ಮಾಯವಾಯಿತೆಂದು 1988ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿ ಮಾಡಿದರು. ಬೇರೆ ದೇಶಗಳ ಪ್ರಯೋಗಗಳಲ್ಲಿ ಅಂಥ ಫಲಿತಾಂಶ ಮರುಕಳಿಸಲಿಲ್ಲ.

ಸಿಲಿಮರಿನ್‌ಗೆ ಸಕ್ಕರೆ ಕಾಯಿಲೆಯ ಕೆಲಸ ಸಿಕ್ಕಿದ್ದು 1990ರ ದಶಕದಲ್ಲಿ. ಉಂಡ ಸಕ್ಕರೆಯನ್ನು ಕೂಡಿಡುವುದು, ಹೊಟ್ಟೆ ಖಾಲಿಯಿದ್ದಾಗ ರಕ್ತಕ್ಕೆ ಬಿಡುವುದು ಎರಡೂ ಯಕೃತ್ತಿನದೇ ಜವಾಬ್ದಾರಿ. ಇನ್ಸುಲಿನ್ನಿನ ಮಾತಿಗೆ ದೇಹ ಕಿವಿಗೊಡದಾದಾಗ ಯಕೃತ್ತಿನಲ್ಲಿ ಕೊಬ್ಬು ಶೇಖರವಾಗುತ್ತದೆ, ಕೆಲವರಲ್ಲಿ ಉರಿಯೂತ ಹುಟ್ಟುತ್ತದೆ, ಗಾಯದ ನಾರು ಬೆಳೆಯುತ್ತದೆ. 1997ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನವೊಂದರಲ್ಲಿ ಮದ್ಯದಿಂದಾದ ಸಿರೋಸಿಸ್ ಇದ್ದು ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದ 60 ಜನರಿದ್ದರು. ಅವರಲ್ಲಿ ಅರ್ಧದಷ್ಟು ಜನರಿಗೆ ಒಂದು ವರ್ಷ ದಿನಕ್ಕೆ 600 ಮಿಲಿಗ್ರಾಂ ಸಿಲಿಮರಿನ್ ಕೊಡಲಾಯಿತು. ಅವರ ರಕ್ತದ ಸಕ್ಕರೆ ಇಳಿಯಿತು, ಬೇಕಾಗುವ ಇನ್ಸುಲಿನ್ ಕೂಡ ಕಡಿಮೆಯಾಯಿತು. 2006ರಲ್ಲಿ ಇರಾನಿನ ಸಂಶೋಧಕರು ಟೈಪ್ 2 ಮಧುಮೇಹದ 51 ಜನರಲ್ಲಿ ನಾಲ್ಕು ತಿಂಗಳ ಪ್ರಯೋಗದ ಬಳಿಕ ಇದೇ ದಿಕ್ಕಿನ ಫಲಿತಾಂಶ ಪ್ರಕಟಿಸಿದರು. ಎರಡೂ ಸಣ್ಣ ಅಧ್ಯಯನಗಳು.

ಅಷ್ಟರಲ್ಲಿ ಕಾಯಿಲೆಯ ಚಿತ್ರವೇ ಬದಲಾಗಿತ್ತು. ಮದ್ಯ ಮುಟ್ಟದವರಲ್ಲೂ ಕುಡುಕರ ಯಕೃತ್ತಿನಂಥ ಹಾನಿ ಕಾಣುತ್ತದೆ ಎಂದು ಅಮೆರಿಕದ ಮೇಯೊ ಕ್ಲಿನಿಕ್‌ನ ಯುರ್ಗೆನ್ ಲುಡ್ವಿಗ್ 1980ರಲ್ಲಿ 20 ರೋಗಿಗಳ ಆಧಾರದಿಂದ ವಿವರಿಸಿದ್ದರು. ಇಂದು ಟೈಪ್ 2 ಮಧುಮೇಹಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಕೊಬ್ಬಿದ ಯಕೃತ್ತು ಇದೆ ಎಂಬುದು ಜಾಗತಿಕ ಅಂದಾಜು.

ಇಲ್ಲಿ ಯುರೋಪಿನ ಇನ್ನೊಂದು ಗಿಡವನ್ನೂ ನೆನೆಯಬೇಕು. ಗೆಲೆಗಾ ಎಂಬ ನೀಲಿ ಹೂವಿನ ಗಿಡದಲ್ಲಿ ಸಕ್ಕರೆ ಇಳಿಸುವ ಗೆಲೆಜಿನ್ ಇದೆ, ವಿಷದ ಗುಣವೂ ಇದೆ. ರಸಾಯನಶಾಸ್ತ್ರಜ್ಞರು ಅದರ ಜಾತಿಯ ಸಂಯುಕ್ತಗಳನ್ನೇ ತಯಾರಿಸುತ್ತ ಹೋದರು. 1957ರಲ್ಲಿ ಫ್ರಾನ್ಸಿನ ವೈದ್ಯ ಜಾನ್ ಸ್ಟರ್ನ್ ಅವುಗಳಲ್ಲೊಂದಾದ ಮೆಟ್‌ಫಾರ್ಮಿನ್ ಅನ್ನು ಮಧುಮೇಹಿಗಳಿಗೆ ಕೊಟ್ಟ ಅನುಭವ ಪ್ರಕಟಿಸಿದರು. ಯಕೃತ್ತು ಬಿಡುವ ಸಕ್ಕರೆಗೆ ಅದು ಕಡಿವಾಣ ಹಾಕುತ್ತದೆ. ಉರಿಯೂತ, ಗಾಯದ ನಾರನ್ನು ಗುಣಪಡಿಸುವುದಕ್ಕೆ ಅದನ್ನು ಶಿಫಾರಸು ಮಾಡುವುದಿಲ್ಲ. ಹೀಗಾಗಿ ಆ ಜಾಗ ಖಾಲಿಯೇ ಉಳಿದಿತ್ತು.

ಆ ಜಾಗಕ್ಕೆ ಸಿಲಿಮರಿನ್ ಅನ್ನು ಒರೆಗೆ ಹಚ್ಚಿದವರಲ್ಲಿ ಮಲೇಷ್ಯಾದ ವೈದ್ಯರೂ ಇದ್ದರು. 2017ರ ಅವರ ವರದಿಯ ಪ್ರಕಾರ ಕೊಬ್ಬಿದ ಯಕೃತ್ತಿನಲ್ಲಿ ಉರಿಯೂತ ಹುಟ್ಟಿದ್ದ 99 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ 48 ವಾರ ದಿನಕ್ಕೆ ಮೂರು ಬಾರಿ 700 ಮಿಲಿಗ್ರಾಂ ಕೊಡಲಾಯಿತು. ಮುಖ್ಯ ಗುರಿ ಕೈಗೂಡಲಿಲ್ಲ: ರೋಗದ ಒಟ್ಟು ತೀವ್ರತೆಯಲ್ಲಿ ಎರಡೂ ಗುಂಪುಗಳ ನಡುವೆ ಗಣನೀಯ ಅಂತರವಿರಲಿಲ್ಲ. ಆದರೆ ಗಾಯದ ನಾರು ಕಡಿಮೆಯಾದವರ ಪ್ರಮಾಣ ಮದ್ದು ಪಡೆದವರಲ್ಲಿ ಶೇ 22.4, ಉಳಿದವರಲ್ಲಿ ಶೇ 6. 2024ರ ಮಾರ್ಚ್‌ನಲ್ಲಿ ಅಮೆರಿಕ ಈ ಕಾಯಿಲೆಗೆ ಮೊದಲ ಔಷಧವೆಂದು ಮನ್ನಣೆ ಕೊಟ್ಟದ್ದು ರೆಸ್ಮೆಟಿರಾಮ್‌ಗೆ. ಅದು ಗಿಡದ ಸಾರವಲ್ಲ, ಥೈರಾಯ್ಡ್ ಹಾರ್ಮೋನಿನ ಜಾಡು ಹಿಡಿದು ಮಾಡಿದ ಮಾತ್ರೆ. ಸಿಲಿಮರಿನ್ ಮಾತ್ರೆಗಳು ಭಾರತದ ಔಷಧ ಅಂಗಡಿಗಳಲ್ಲಿ ಇಂದಿಗೂ ಮಾರಾಟವಾಗುತ್ತಿವೆ. ಮಧುಮೇಹಿಯ ಯಕೃತ್ತಿನ ಮಟ್ಟಿಗೆ ಅವುಗಳ ಪರವಾಗಿರುವುದು ಇಟಲಿ, ಇರಾನ್, ಮಲೇಷ್ಯಾಗಳಿಂದ ಬಂದ ಇಂಥ ಸಣ್ಣ ಲೆಕ್ಕಗಳು.