ಯೋಗಸಾಧನೆಯ ಎಂಟು ಅಂಗಗಳು: ಸಾರ್ವಜನಿಕರಿಗೆ ಮಾಹಿತಿ

ಯೋಗವೆಂದರೆ ಆಸನಗಳೆಂಬ ಭಾವನೆ ಸಾಮಾನ್ಯವಾಗಿದೆ. ಆದರೆ ಪತಂಜಲಿ ಮಹರ್ಷಿಯ ಯೋಗಸೂತ್ರಗಳಲ್ಲಿ ಆಸನವು ಎಂಟು ಅಂಗಗಳ ಪೈಕಿ ಮೂರನೆಯದು. ಸಾಧನಪಾದದಲ್ಲಿ ಅದನ್ನು ವಿವರಿಸುವ ಸೂತ್ರಗಳು 3 ಮಾತ್ರ. ಬಂಟ್ವಾಳ, ಬೆಳ್ತಂಗಡಿ ಹಾಗೂ ಮೂಡುಬಿದಿರೆ ಭಾಗದಲ್ಲಿ ಯೋಗ ತರಬೇತಿ ಅಥವಾ ಚಿಕಿತ್ಸೆ ಪಡೆಯಲಿಚ್ಛಿಸುವವರ ತಿಳಿವಳಿಕೆಗಾಗಿ ಈ ವಿವರಗಳನ್ನು ನೀಡಲಾಗಿದೆ.

ಅಷ್ಟಾಂಗಗಳು

1. ಯಮ: ಅಹಿಂಸೆ, ಸತ್ಯ, ಅಸ್ತೇಯ, ಬ್ರಹ್ಮಚರ್ಯ, ಅಪರಿಗ್ರಹ.
2. ನಿಯಮ: ಶೌಚ, ಸಂತೋಷ, ತಪಸ್ಸು, ಸ್ವಾಧ್ಯಾಯ, ಈಶ್ವರಪ್ರಣಿಧಾನ.
3. ಆಸನ: ಸ್ಥಿರವೂ ಸುಖಕರವೂ ಆದ ದೇಹಸ್ಥಿತಿ.
4. ಪ್ರಾಣಾಯಾಮ: ಆಸನ ಸಿದ್ಧಿಸಿದ ಬಳಿಕ ಉಸಿರಾಟದ ನಿಯಂತ್ರಣ.
5. ಪ್ರತ್ಯಾಹಾರ: ಇಂದ್ರಿಯಗಳನ್ನು ವಿಷಯಗಳಿಂದ ಹಿಂದೆಗೆಯುವುದು.
6. ಧಾರಣ: ಮನಸ್ಸನ್ನು ಒಂದೆಡೆ ನಿಲ್ಲಿಸುವುದು.
7. ಧ್ಯಾನ: ಆ ಏಕಾಗ್ರತೆಯ ಅಖಂಡ ಪ್ರವಾಹ.
8. ಸಮಾಧಿ: ಧ್ಯೇಯವಸ್ತುವಿನಲ್ಲಿ ಮನಸ್ಸು ಲೀನವಾಗುವುದು.

ಮೊದಲ ಐದು ಬಹಿರಂಗ ಸಾಧನೆಗಳು; ಕೊನೆಯ ಮೂರು ಅಂತರಂಗ ಸಾಧನೆಗಳು. ಕೊನೆಯ ಮೂರನ್ನು ಒಟ್ಟಾಗಿ ಸಂಯಮವೆಂದು ಕರೆಯಲಾಗಿದೆ.

ಈ ನೆಲದ ಪರಂಪರೆ

ಯಮದ ಐದು ಅಂಶಗಳು ಜೈನಧರ್ಮದ ಪಂಚವ್ರತಗಳೂ ಆಗಿವೆ. ಬೆಳ್ತಂಗಡಿ ತಾಲ್ಲೂಕಿನ ವೇಣೂರಿನಲ್ಲಿ 1604ರಲ್ಲಿ ಪ್ರತಿಷ್ಠಾಪಿತವಾದ ಬಾಹುಬಲಿಯ ಏಕಶಿಲಾ ಮೂರ್ತಿಯು ಕಾಯೋತ್ಸರ್ಗದಲ್ಲಿ, ಅಂದರೆ ದೇಹದ ಮಮತೆಯನ್ನು ತೊರೆದು ನಿಂತ ಧ್ಯಾನಸ್ಥಿತಿಯಲ್ಲಿದೆ. ಮೂಡುಬಿದಿರೆಯ ಕವಿ ರತ್ನಾಕರವರ್ಣಿಯು 16ನೇ ಶತಮಾನದಲ್ಲಿ ಸಾಂಗತ್ಯದಲ್ಲಿ ರಚಿಸಿದ ‘ಭರತೇಶ ವೈಭವ’ದ ನಾಯಕನು ರಾಜ್ಯಭಾರದ ನಡುವೆಯೂ ಆತ್ಮಧ್ಯಾನವನ್ನು ಬಿಡದ ಚಕ್ರವರ್ತಿ. ಸಾಧನೆಯು ಸಂಸಾರಿಗಳಿಗೆ ಎಟುಕದ್ದಲ್ಲ ಎಂಬುದಕ್ಕೆ ಈ ಕಾವ್ಯ ನಿದರ್ಶನವಾಗಿದೆ.

ತರಬೇತಿ ಮತ್ತು ಚಿಕಿತ್ಸೆ

ಯೋಗ ಶಿಕ್ಷಕರೆಲ್ಲರೂ ವೈದ್ಯರಲ್ಲ. ಅಭ್ಯಾಸವನ್ನು ಶಿಕ್ಷಕರಿಂದ ಕಲಿಯಬಹುದು. ರೋಗಕ್ಕೆ ಯೋಗ ಚಿಕಿತ್ಸೆ ಬಯಸುವವರು ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನದ ಪದವಿ ಪಡೆದ ವೈದ್ಯರನ್ನು ಕಾಣತಕ್ಕದ್ದು. ಈ ಪದವಿಯು 4½ ವರ್ಷಗಳ ವ್ಯಾಸಂಗ ಹಾಗೂ 1 ವರ್ಷದ ಇಂಟರ್ನ್‌ಶಿಪ್ ಅನ್ನು ಒಳಗೊಂಡಿದೆ. ಉಜಿರೆಯಲ್ಲಿ 1989ರಲ್ಲಿ ಆರಂಭವಾದ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಕಾಲೇಜು ಹಾಗೂ ಮೂಡುಬಿದಿರೆಯ ಆಳ್ವಾಸ್ ಕಾಲೇಜುಗಳಲ್ಲಿ ಈ ವ್ಯಾಸಂಗಕ್ಕೆ ಅವಕಾಶವಿದೆ.

ಸಾರ್ವಜನಿಕರು ಗಮನಿಸಬೇಕಾದ ಅಂಶಗಳು

• ಮಧುಮೇಹ, ರಕ್ತದೊತ್ತಡ, ಮೂರ್ಛೆರೋಗ ಮೊದಲಾದವುಗಳಿಗೆ ಸೇವಿಸುತ್ತಿರುವ ಔಷಧಿಯನ್ನು ಯೋಗಾಭ್ಯಾಸದ ಕಾರಣದಿಂದ ತಾವಾಗಿಯೇ ನಿಲ್ಲಿಸಬಾರದು.
• ಅಧಿಕ ರಕ್ತದೊತ್ತಡ, ಹೃದ್ರೋಗ ಅಥವಾ ಗ್ಲಾಕೋಮಾ ಇರುವವರು ಶೀರ್ಷಾಸನವನ್ನೂ, ರಕ್ತದೊತ್ತಡ ಮತ್ತು ಹೃದ್ರೋಗವಿರುವವರು ಉಸಿರು ಬಿಗಿಹಿಡಿಯುವ ಕುಂಭಕವನ್ನೂ ವೈದ್ಯರ ಸಲಹೆಯಿಲ್ಲದೆ ಮಾಡಬಾರದು.
• ಗರ್ಭಿಣಿಯರು, ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು ತಮ್ಮ ಸ್ಥಿತಿಯನ್ನು ಶಿಕ್ಷಕರಿಗೆ ಮುಂಚಿತವಾಗಿ ತಿಳಿಸತಕ್ಕದ್ದು.
• ಅಭ್ಯಾಸದ ವೇಳೆ ಎದೆನೋವು, ತಲೆಸುತ್ತು ಅಥವಾ ಉಸಿರುಗಟ್ಟುವಿಕೆ ಕಂಡುಬಂದಲ್ಲಿ ಕೂಡಲೇ ನಿಲ್ಲಿಸಿ, ಸಮೀಪದ ಆಸ್ಪತ್ರೆಗೆ ತೆರಳುವುದು. ತುರ್ತು ವಾಹನಕ್ಕಾಗಿ 108ಕ್ಕೆ ಕರೆ ಮಾಡುವುದು.

ಅಂಗಗಳನ್ನು ಕ್ರಮವಾಗಿ, ಆತುರವಿಲ್ಲದೆ ಅಭ್ಯಸಿಸುವುದೇ ಯೋಗಸಾಧನೆಯ ಸುರಕ್ಷಿತ ಮಾರ್ಗವಾಗಿದೆ.