ಎಸ್‌ಎ ಖಾತೆಯ ಗುಪ್ತಪದ: ತಂತ್ರಾಂಶ ಸ್ಥಾಪನೆಯ ಚರಿತ್ರೆಯಲ್ಲಿ ಒಂದು ಅಧ್ಯಾಯ

ಗಣಕಯಂತ್ರದ ಗುಪ್ತಪದವೊಂದು ಬಯಲಾದಾಗ ತಪ್ಪನ್ನು ಅದರ ನಿರ್ವಾಹಕನ ಮೇಲೆ ಹೊರಿಸುವುದು ರೂಢಿಯಾಗಿ ಬಂದಿದೆ. ಮೈಕ್ರೋಸಾಫ್ಟ್ ಸಂಸ್ಥೆಯ ‘ಎಸ್‌ಕ್ಯೂಎಲ್ ಸರ್ವರ್’ ಎಂಬ ದತ್ತಸಂಚಯ ತಂತ್ರಾಂಶದ ಚರಿತ್ರೆಯನ್ನು ಆ ಸಂಸ್ಥೆಯೇ ಹೊರಡಿಸಿದ ಸುರಕ್ಷತಾ ಪ್ರಕಟಣೆಗಳೊಡನೆ ಪರಿಶೀಲಿಸಿದರೆ ಈ ತೀರ್ಪನ್ನು ತಿದ್ದಿಕೊಳ್ಳಬೇಕಾಗುತ್ತದೆ. ದೋಷದ ಬಹುಭಾಗ ತಂತ್ರಾಂಶವನ್ನು ಸ್ಥಾಪಿಸುವ ವಿಧಾನದಲ್ಲಿಯೇ ಇದ್ದಿತೆಂಬುದು ಈ ಲೇಖಕನ ಅಭಿಪ್ರಾಯ.

ಈ ತಂತ್ರಾಂಶದಲ್ಲಿ ಸರ್ವಾಧಿಕಾರವುಳ್ಳ ಖಾತೆಯ ಹೆಸರು ‘ಎಸ್‌ಎ’. ೭.೦ ಆವೃತ್ತಿಯಲ್ಲಿ ಇದು ಗುಪ್ತಪದವಿಲ್ಲದೆಯೇ ಹುಟ್ಟುತ್ತಿದ್ದಿತು. ‘೨೦೦೦’ ಎಂಬ ಮುಂದಿನ ಆವೃತ್ತಿ ಗುಪ್ತಪದವನ್ನು ಕೇಳಿತಾದರೂ, ಅದನ್ನು ಬರಿದಾಗಿ ಬಿಡುವ ಅವಕಾಶವನ್ನು ‘ಶಿಫಾರಸು ಮಾಡುವುದಿಲ್ಲ’ ಎಂಬ ಟಿಪ್ಪಣಿಯೊಡನೆ ಉಳಿಸಿಕೊಂಡಿತು. ಪ್ರತಿಸ್ಪರ್ಧಿಯಾದ ಆರೆಕಲ್ ತಂತ್ರಾಂಶದ ‘ಸಿಸ್’ ಖಾತೆಗೆ ಮೊದಲು ಇಟ್ಟಿದ್ದ ಗುಪ್ತಪದವೇ ‘ಚೇಂಜ್ ಆನ್ ಇನ್‌ಸ್ಟಾಲ್’, ಎಂದರೆ ಸ್ಥಾಪಿಸುವಾಗ ಬದಲಿಸಿ ಎಂದು! ಆಜ್ಞೆಯನ್ನು ಪಾಲಿಸದವರ ಯಂತ್ರಗಳಲ್ಲಿ ಆ ಆಜ್ಞೆಯೇ ಕೀಲಿಕೈಯಾಗಿ ಉಳಿಯಿತು.

ಎಸ್‌ಕ್ಯೂಎಲ್ ಸರ್ವರಿನ ಕಿರಿಯ ರೂಪವಾದ ‘ಎಂಎಸ್‌ಡಿಇ’ ಇತರ ತಂತ್ರಾಂಶಗಳ ಒಡಲಲ್ಲಿ ಸೇರಿ ಬರುತ್ತಿದ್ದುದರಿಂದ, ತಮ್ಮ ಯಂತ್ರದಲ್ಲಿ ಇಂತಹ ಖಾತೆಯೊಂದು ಇದೆಯೆಂಬುದೇ ಅನೇಕರಿಗೆ ತಿಳಿದಿರಲಿಲ್ಲ. ತಿಳಿಯದುದನ್ನು ಕಾಯಲಿಲ್ಲವೆಂದು ಯಾರನ್ನು ದೂರುವುದು? ೨೦೦೨ರ ಮೇ ತಿಂಗಳಲ್ಲಿ ಹಬ್ಬಿದ ‘ಸ್ಪೈಡಾ’ ಎಂಬ ಕುತಂತ್ರಾಂಶ ೧೪೩೩ನೆಯ ಪೋರ್ಟಿನ ಮೂಲಕ ಗುಪ್ತಪದವಿಲ್ಲದ ಎಸ್‌ಎ ಖಾತೆಗಳನ್ನೇ ಹುಡುಕಿ ಒಳಹೊಕ್ಕಿತು. ಹೊಕ್ಕ ಬಳಿಕ ಆ ಖಾತೆಗೆ ತಾನೇ ಒಂದು ಗುಪ್ತಪದವನ್ನು ಇಡುತ್ತಿದ್ದಿತು. ಮನೆಯೊಡೆಯ ಮಾಡದಿದ್ದುದನ್ನು ಕಳ್ಳ ಮಾಡಿದನು.

ಇದಕ್ಕಿಂತ ವಿಚಾರಾರ್ಹವಾದುದು ಎಚ್ಚರದಿಂದ ನಡೆದುಕೊಂಡವರ ಪಾಡು. ೨೦೦೦ದ ಮೇ ತಿಂಗಳ ಪ್ರಕಟಣೆಯಂತೆ, ೭.೦ ಆವೃತ್ತಿಯ ಮೊದಲನೆಯ ಹಾಗೂ ಎರಡನೆಯ ಸರ್ವಿಸ್ ಪ್ಯಾಕುಗಳನ್ನು ಎಸ್‌ಎ ಖಾತೆಯ ಮೂಲಕ ಸ್ಥಾಪಿಸಿದಾಗ, ಗುಪ್ತಪದ ‘ಎಸ್‌ಕ್ಯೂಎಲ್‌ಎಸ್‌ಪಿ.ಲಾಗ್’ ಎಂಬ ಕಡತದಲ್ಲಿ ಯಥಾವತ್ತಾಗಿ ದಾಖಲಾಗುತ್ತಿದ್ದಿತು. ೨೦೦೨ರ ಜುಲೈ ತಿಂಗಳ ಪ್ರಕಟಣೆ ‘ಸೆಟಪ್.ಐಎಸ್‌ಎಸ್’ ಎಂಬ ಇನ್ನೊಂದು ಕಡತವನ್ನು ಕುರಿತದ್ದು. ಒಂದು ಸರ್ವರಿನಲ್ಲಿ ನಿರ್ವಾಹಕನು ಕೊಟ್ಟ ಉತ್ತರಗಳನ್ನು ಬರೆದಿಟ್ಟುಕೊಂಡು, ಅವುಗಳ ನೆರವಿನಿಂದಲೇ ಬೇರೆ ಸರ್ವರುಗಳಲ್ಲಿ ಅವನ ಉಪಸ್ಥಿತಿಯಿಲ್ಲದೆ ತಂತ್ರಾಂಶವನ್ನು ಸ್ಥಾಪಿಸುವುದು ಈ ಕಡತದ ಉದ್ದೇಶವಾಗಿದ್ದಿತು. ಉದ್ದೇಶವೇನೋ ಒಳ್ಳೆಯದೇ. ಆದರೆ ಆ ಉತ್ತರಗಳಲ್ಲಿ ಗುಪ್ತಪದವೂ ಒಂದು. ೭.೦ ಆವೃತ್ತಿಯ ನಾಲ್ಕನೆಯ ಸರ್ವಿಸ್ ಪ್ಯಾಕಿಗೆ ಮುನ್ನ ಅದು ಸ್ಪಷ್ಟಾಕ್ಷರಗಳಲ್ಲಿಯೂ, ಆ ಬಳಿಕ ಗೂಢಲಿಪಿಯಲ್ಲಿಯೂ ಇರುತ್ತಿದ್ದಿತು. ಸ್ಥಾಪನೆ ಮುಗಿದ ಮೇಲೂ ಕಡತ ಸರ್ವರಿನಲ್ಲಿಯೇ ಉಳಿಯುತ್ತಿದ್ದಿತು. ಇಂತಹ ಕಡತಗಳಿಂದ ಗುಪ್ತಪದಗಳನ್ನು ಅಳಿಸಲು ಸಂಸ್ಥೆ ‘ಕಿಲ್‌ಪಿಡಬ್ಲ್ಯೂಡಿ’ ಎಂಬ ಉಪಕರಣವನ್ನೇ ಹಂಚಬೇಕಾಯಿತು. ನಿರ್ವಾಹಕನು ಎಷ್ಟು ಕಠಿಣವಾದ ಗುಪ್ತಪದವನ್ನು ಆಯ್ದಿದ್ದರೂ ಇಲ್ಲಿ ಅದರಿಂದ ಪ್ರಯೋಜನವಿರಲಿಲ್ಲ. ತಂತ್ರಾಂಶ ಕೇಳಿತು, ಅವನು ಹೇಳಿದನು, ಅದು ಬರೆದಿಟ್ಟಿತು.

‘೨೦೦೮’ ಆವೃತ್ತಿಯ ‘ಕಾನ್ಫಿಗರೇಶನ್‌ಫೈಲ್.ಐಎನ್‌ಐ’ ಕಡತದಲ್ಲಿ ಉಳಿದ ಉತ್ತರಗಳೆಲ್ಲ ದಾಖಲಾಗುತ್ತವೆ, ಗುಪ್ತಪದಗಳು ಮಾತ್ರ ಆಗುವುದಿಲ್ಲ. ಮನುಷ್ಯನಿಲ್ಲದೆ ನಡೆಯುವ ಸ್ಥಾಪನೆಗೆ ಅವನ್ನು ಆಜ್ಞಾಪಂಕ್ತಿಯಲ್ಲಿ ಬೇರೆಯಾಗಿ ಒದಗಿಸಬೇಕು. ಆ ಪಂಕ್ತಿಯನ್ನು ನಿರ್ವಾಹಕನು ಮತ್ತೊಂದು ಕಡತದಲ್ಲಿ ತನ್ನ ಕೈಯಾರೆ ಬರೆದಿಡುವುದುಂಟು.